ಒದ್ದವನು ಗಂಡು, ಬಿದ್ದವನು ಕಳ್ಳ: ವೃತ್ತಿಪರ ಫುಟ್‌ಬಾಲಿನಲ್ಲಿ ಮೋಸದ ಚರಿತ್ರೆ

1982ರ ಜುಲೈ 8. ಸ್ಪೇನಿನ ಸೆವಿಲ್ಲಾದಲ್ಲಿ ವಿಶ್ವಕಪ್ ಸೆಮಿಫೈನಲ್. ಪಶ್ಚಿಮ ಜರ್ಮನಿ ಮತ್ತು ಫ್ರಾನ್ಸ್ 1–1ರಲ್ಲಿ ಸಮನಾಗಿದ್ದವು. ಬದಲಿ ಆಟಗಾರನಾಗಿ ಆಗಷ್ಟೇ ಅಂಕಣಕ್ಕೆ ಇಳಿದಿದ್ದ ಪ್ಯಾಟ್ರಿಕ್ ಬ್ಯಾಟಿಸ್ಟನ್ ಚೆಂಡಿನ ಬೆನ್ನು ಹತ್ತಿ ಒಬ್ಬರೇ ಗೋಲಿನತ್ತ ನುಗ್ಗಿದರು. ಎದುರಿನಿಂದ ಓಡಿಬಂದ ಜರ್ಮನಿಯ ಗೋಲ್‌ಕೀಪರ್ ಹರಾಲ್ಡ್ ಶೂಮಾಕರ್ ಮೇಲಕ್ಕೆ ಹಾರಿ, ಮೈ ತಿರುಗಿಸಿ ಅವರ ಮುಖಕ್ಕೇ ಅಪ್ಪಳಿಸಿದರು. ಬ್ಯಾಟಿಸ್ಟನ್ ಪ್ರಜ್ಞೆ ತಪ್ಪಿ ಬಿದ್ದರು. ಹಲ್ಲು ಮುರಿದವು, ಬೆನ್ನೆಲುಬಿಗೆ ಏಟಾಯಿತು, ಸ್ಟ್ರೆಚರ್ ಮೇಲೆ ಹೊರಗೆ ಒಯ್ಯಬೇಕಾಯಿತು. ರೆಫರಿ ಚಾರ್ಲ್ಸ್ ಕಾರ್ವರ್ ಕಾರ್ಡ್ ತೋರಿಸುವುದಿರಲಿ, ಫೌಲ್ ಕೂಡ ಕೊಡಲಿಲ್ಲ. ಆಟ ಗೋಲ್ ಕಿಕ್‌ನಿಂದ ಮುಂದುವರಿಯಿತು. ಶೂಮಾಕರ್ ಮೂರು ದಿನ ಬಿಟ್ಟು ಫೈನಲ್ ಆಡಿದರು.

ಇಪ್ಪತ್ತು ವರ್ಷಗಳ ನಂತರ, 2002ರ ಜೂನ್ 3ರಂದು ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ ಬ್ರೆಜಿಲ್ ಮತ್ತು ಟರ್ಕಿ ಪಂದ್ಯ ಮುಗಿಯುತ್ತ ಬಂದಿತ್ತು. ಕಾರ್ನರ್ ಬಾವುಟದ ಬಳಿ ನಿಂತಿದ್ದ ಬ್ರೆಜಿಲಿನ ರಿವಾಲ್ಡೊ ಕಡೆಗೆ ಹಕನ್ ಉನ್ಸಲ್ ಚೆಂಡನ್ನು ಸಿಟ್ಟಿನಿಂದ ಒದ್ದರು. ಅದು ತಗುಲಿದ್ದು ಕಾಲಿಗೆ. ರಿವಾಲ್ಡೊ ಮುಖ ಮುಚ್ಚಿಕೊಂಡು ನೆಲಕ್ಕುರುಳಿದರು. ಉನ್ಸಲ್‌ಗೆ ಎರಡನೆಯ ಹಳದಿ ಕಾರ್ಡ್ ಸಿಕ್ಕಿ ಹೊರನಡೆಯಬೇಕಾಯಿತು. ಫಿಫಾ ರಿವಾಲ್ಡೊಗೆ 11,500 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಆ ದೃಶ್ಯ ಇಂದಿಗೂ ಕಳ್ಳಾಟದ ಉದಾಹರಣೆಯಾಗಿ ಕಿರುತೆರೆಯಲ್ಲಿ ಮರುಪ್ರಸಾರವಾಗುತ್ತಲೇ ಇದೆ.

ಒಬ್ಬರು ಎದುರಾಳಿಯ ಹಲ್ಲು ಮುರಿದರು, ಇನ್ನೊಬ್ಬರು ಯಾರ ಕೂದಲನ್ನೂ ಕೊಂಕಿಸಲಿಲ್ಲ. ಆದರೆ ಅಧಿಕೃತವಾಗಿ ಶಿಕ್ಷೆಯಾದದ್ದು ಎರಡನೆಯವರಿಗೆ. ಶೂಮಾಕರ್‌ರನ್ನು ಫ್ರಾನ್ಸಿನ ಜನ ಸುಲಭವಾಗಿ ಕ್ಷಮಿಸಲಿಲ್ಲ, ನಿಜ; ಆದರೆ ಅವರನ್ನು ಯಾರೂ ‘ಮೋಸಗಾರ’ ಎನ್ನಲಿಲ್ಲ, ‘ಕ್ರೂರಿ’ ಎಂದರು. ವೃತ್ತಿಪರ ಫುಟ್‌ಬಾಲ್ ಮೋಸವನ್ನು ಅದರಿಂದಾಗುವ ಹಾನಿಯ ಮೇಲೆ ಅಳೆದದ್ದು ಕಡಿಮೆ. ಅದು ಬಳಸುತ್ತ ಬಂದ ಅಳತೆಗೋಲು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನದು, ಗಂಡಸುತನದ್ದು. ಈ ಲೇಖನದ ವಾದ ಇದು.

ಲಂಡನ್ನಿನ ಫ್ರೀಮೇಸನ್ಸ್ ಟಾವರ್ನ್‌ನಲ್ಲಿ 1863ರ ಅಕ್ಟೋಬರ್ 26ರಂದು ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿತು. ಮುಂದಿನ ಕೆಲವು ಸಭೆಗಳಲ್ಲಿ ಆಟದ ನಿಯಮಗಳ ಬಗ್ಗೆ ನಡೆದ ಜಗಳದಲ್ಲಿ ಮುಖ್ಯವಾದದ್ದು ಎದುರಾಳಿಯ ಕಣಕಾಲಿಗೆ ಬೇಕೆಂದೇ ಒದೆಯಬಹುದೇ ಎಂಬುದು. ಹಲವು ಪಬ್ಲಿಕ್ ಸ್ಕೂಲುಗಳಲ್ಲಿ ಅದು ಆಟದ ಭಾಗವೇ ಆಗಿತ್ತು. ಹೊಸ ಸಂಘದ ಬಹುಮತ ಅದನ್ನು ತೆಗೆದುಹಾಕಲು ಹೊರಟಾಗ ಸಂಘದ ಖಜಾಂಚಿ, ಬ್ಲ್ಯಾಕ್‌ಹೀತ್ ಕ್ಲಬ್ಬಿನ ಫ್ರಾನ್ಸಿಸ್ ಮೌಲ್ ಕ್ಯಾಂಪ್‌ಬೆಲ್ ಸಿಡಿದೆದ್ದರು. ಒದೆತ ಹೋದರೆ ಆಟದಿಂದ ಧೈರ್ಯವೇ ಹೋಗುತ್ತದೆ, ಆಮೇಲೆ ನಾನು ಒಂದು ವಾರ ಅಭ್ಯಾಸ ಮಾಡಿಸಿದ ಫ್ರೆಂಚರನ್ನು ಕರೆತಂದು ನಿಮ್ಮನ್ನು ಸೋಲಿಸಬಲ್ಲೆ ಎಂಬ ಅರ್ಥದ ಮಾತಾಡಿದರು. ಅವರ ಮಾತು ನಡೆಯಲಿಲ್ಲ. ಡಿಸೆಂಬರಿನಲ್ಲಿ ಬ್ಲ್ಯಾಕ್‌ಹೀತ್ ಹೊರನಡೆಯಿತು. 1871ರಲ್ಲಿ ರಗ್ಬಿ ಯೂನಿಯನ್ ಕಟ್ಟಿದ ಕ್ಲಬ್ಬುಗಳಲ್ಲಿ ಅದೂ ಒಂದು.

ಕ್ಯಾಂಪ್‌ಬೆಲ್ ಸೋತರೂ ಅವರ ಮಾತಿನ ಹಿಂದಿದ್ದ ನಂಬಿಕೆ ಸೋಲಲಿಲ್ಲ. ಪೆಟ್ಟು ಕೊಡುವುದು, ತಿಂದು ಸುಮ್ಮನಿರುವುದು ಇಂಗ್ಲಿಷ್ ಗುಣ; ನಯವಾಗಿ ನುಣುಚಿಕೊಳ್ಳುವುದು ಹೊರಗಿನವರ ಗುಣ. ಯೂರೋಪಿನಲ್ಲಿ ಇನ್ನೂ ಯಾರೂ ಈ ಆಟವನ್ನು ಸರಿಯಾಗಿ ಕಲಿತೇ ಇರಲಿಲ್ಲ. ಆಗಲೇ ‘ಪರದೇಶಿ ಆಟಗಾರ’ ಬೈಗುಳವಾಗಿ ಸಿದ್ಧನಾಗಿದ್ದ!

ಆ ಹೊತ್ತಿಗೆ ಬೀಳುವ ನಾಟಕಕ್ಕೆ ಬೆಲೆಯೇ ಇರಲಿಲ್ಲ. ಮೋಸ ಮಾಡಬೇಕಾದರೆ ಮೋಸ ಹೋಗುವವನೊಬ್ಬ ಬೇಕು, ಸಿಗುವ ಲಾಭವೂ ದೊಡ್ಡದಿರಬೇಕು. ಮೊದಮೊದಲು ಎರಡೂ ತಂಡಗಳ ನಾಯಕರೇ ವಾದ ಮಾಡಿ ತಕರಾರು ಬಗೆಹರಿಸಿಕೊಳ್ಳುತ್ತಿದ್ದರು. ಆಮೇಲೆ ತಂಡಕ್ಕೊಬ್ಬರಂತೆ ಅಂಪೈರುಗಳು ಬಂದರು. ಕ್ರಿಕೆಟ್ಟಿನ ಹಾಗೆ ಆಟಗಾರರು ಕೂಗಿ ಕೇಳಿದರೆ ಮಾತ್ರ ತೀರ್ಪು. ಎರಡೂ ಸ್ಥಿತಿಗಳು ಬದಲಾದದ್ದು 1891ರಲ್ಲಿ. ಅಂಪೈರುಗಳು ಗೆರೆಯ ಆಚೆಗೆ ಸರಿದರು, ಪೂರ್ತಿ ಅಧಿಕಾರವುಳ್ಳ ರೆಫರಿ ಅಂಕಣದ ಒಳಗೆ ಬಂದರು. ಅದೇ ವರ್ಷ ಜೂನ್ 2ರಂದು ಗ್ಲಾಸ್ಗೋದಲ್ಲಿ ಸೇರಿದ ಅಂತರರಾಷ್ಟ್ರೀಯ ನಿಯಮ ಮಂಡಳಿ ಪೆನಾಲ್ಟಿ ಕಿಕ್ಕನ್ನು ಒಪ್ಪಿಕೊಂಡಿತು.

ಪೆನಾಲ್ಟಿಯ ಕಲ್ಪನೆ ಐರ್ಲೆಂಡಿನ ಆರ್ಮಾ ಕೌಂಟಿಯ ಮಿಲ್‌ಫರ್ಡ್ ಹಳ್ಳಿಯ ವಿಲಿಯಂ ಮೆಕ್ರಮ್ ಅವರದು. ನಾರುಬಟ್ಟೆ ಗಿರಣಿಯ ಮಾಲೀಕರ ಮಗ, ಆಟದಲ್ಲಿ ಗೋಲ್‌ಕೀಪರ್. ಗೋಲ್ ಆಗುತ್ತದೆ ಎಂದಾಗ ಡಿಫೆಂಡರ್‌ಗಳು ಕಾಲು ಕೊಟ್ಟು ಕೆಡವುವುದನ್ನು ಗೋಲ್‌ಗಂಬಗಳ ನಡುವೆ ನಿಂತೇ ನೋಡಿದ್ದವರು. 1890ರಲ್ಲಿ ಐರಿಷ್ ಸಂಘ ಈ ಸಲಹೆ ಮುಂದಿಟ್ಟಾಗ ಇಂಗ್ಲೆಂಡಿನಲ್ಲಿ ನಕ್ಕವರೇ ಹೆಚ್ಚು. 1891ರ ಫೆಬ್ರವರಿಯಲ್ಲಿ ಎಫ್‌ಎ ಕಪ್ ಪಂದ್ಯವೊಂದು ಆ ನಗೆಯನ್ನು ನಿಲ್ಲಿಸಿತು. ನಾಟ್ಸ್ ಕೌಂಟಿಯ ಡಿಫೆಂಡರ್ ಗೋಲ್ ಗೆರೆಯ ಮೇಲೆ ಚೆಂಡನ್ನು ಕೈಯಿಂದ ತಡೆದರು. ಸ್ಟೋಕ್ ತಂಡಕ್ಕೆ ಸಿಕ್ಕಿದ್ದು ಒಂದು ಫ್ರೀ ಕಿಕ್; ಗೋಲಿನ ಬಾಯಿಗೇ ಅಡ್ಡ ನಿಂತ ಎದುರಾಳಿಗಳು ಅದನ್ನು ಸುಲಭವಾಗಿ ತಡೆದರು. ನಾಟ್ಸ್ ಕೌಂಟಿ 1–0 ಗೆದ್ದಿತು. ಮೋಸ ಲಾಭ ತಂದದ್ದು ಎಲ್ಲರ ಕಣ್ಣಿಗೂ ಬಿತ್ತು.

ಆದರೂ ಹವ್ಯಾಸಿ ಗಣ್ಯರಿಗೆ ಪೆನಾಲ್ಟಿ ಅವಮಾನವಾಗಿ ಕಂಡಿತು. ಎನ್.ಎಲ್. ಜಾಕ್ಸನ್ 1882ರಲ್ಲಿ ಕಟ್ಟಿದ ಕಾರಿಂಥಿಯನ್ ಕ್ಲಬ್ಬು ಆ ಮನೋಭಾವದ ಕೋಟೆ. ಸಭ್ಯನೊಬ್ಬ ಬೇಕೆಂದೇ ಎದುರಾಳಿಯನ್ನು ಕೆಡವುತ್ತಾನೆಂದು ನಿಯಮವೇ ಊಹಿಸುವುದು ಸಭ್ಯರಿಗೆ ಮಾಡಿದ ಅಪಮಾನ ಎಂದು ಕ್ರಿಕೆಟಿಗನೂ ಕಾರಿಂಥಿಯನ್ ಆಟಗಾರನೂ ಆಗಿದ್ದ ಸಿ.ಬಿ. ಫ್ರೈ ವಾದಿಸಿದರು. ತಮ್ಮ ವಿರುದ್ಧ ಪೆನಾಲ್ಟಿ ಬಂದರೆ ಕಾರಿಂಥಿಯನ್ ಗೋಲ್‌ಕೀಪರ್ ಗಂಬಕ್ಕೆ ಒರಗಿ ನಿಂತು ಚೆಂಡನ್ನು ಒಳಗೆ ಬಿಡುತ್ತಿದ್ದರು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಇಲ್ಲಿ ವರ್ಗದ ಸೊಕ್ಕೂ ಇತ್ತೆನ್ನುವುದನ್ನು ಮರೆಯಬಾರದು. 1885ರಲ್ಲಷ್ಟೇ ಸಂಬಳದ ಆಟಕ್ಕೆ ಒಪ್ಪಿಗೆ ಸಿಕ್ಕಿತ್ತು. ಗಿರಣಿ, ಗಣಿಗಳಿಂದ ಬಂದು ವಾರದ ಕೂಲಿಗೆ ಆಡುವವನಿಗೆ ಒಂದು ಗೋಲೆಂದರೆ ಮನೆಯ ಅಕ್ಕಿಬೇಳೆ. ಅವನಿಗೆ ಕಾರಿಂಥಿಯನ್ ಸಭ್ಯತೆ ಕಟ್ಟಿಕೊಂಡು ಆಗಬೇಕಾದದ್ದೇನೂ ಇರಲಿಲ್ಲ.

ಡಿಫೆಂಡರನ ಮೋಸವನ್ನು ತಡೆಯಲು ತಂದ ಪೆನಾಲ್ಟಿಯೇ ಫಾರ್ವರ್ಡ್‌ನ ಮೋಸಕ್ಕೆ ಬಾಗಿಲು ತೆರೆಯಿತು. ಗೋಲಿನ ಬಳಿ ಬಿದ್ದರೆ ಬಹುಮಾನವಿದೆ ಎಂದು ತಿಳಿದ ಮೇಲೆ ಬೀಳುವವರು ಹುಟ್ಟಿಯೇ ಹುಟ್ಟುತ್ತಾರೆ. ‘ಡೈವಿಂಗ್ ಹೊರಗಿನಿಂದ ಬಂದ ಪಿಡುಗು’ ಎಂಬ ಇಂಗ್ಲಿಷ್ ಪತ್ರಿಕೆಗಳ ಹಳೇ ರಾಗದಲ್ಲಿ ಹುರುಳಿಲ್ಲದಿರುವುದು ಇದೇ ಕಾರಣಕ್ಕೆ. 1971–72ರ ಋತುವಿನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಫ್ರಾನ್ಸಿಸ್ ಲೀ ಲೀಗ್ ಪಂದ್ಯಗಳಲ್ಲೇ 13 ಪೆನಾಲ್ಟಿ ಗೋಲು ಹೊಡೆದರು. ಅವರ ಹೆಸರಿಗೇ ಪೆನಾಲ್ಟಿಯನ್ನು ಅಂಟಿಸಿ ಜನ ಅಡ್ಡಹೆಸರಿಟ್ಟರು. 1975ರಲ್ಲಿ ಅವರು ಡರ್ಬಿ ತಂಡದಲ್ಲಿದ್ದಾಗ ಗಳಿಸಿಕೊಂಡ ಪೆನಾಲ್ಟಿಯೊಂದು ಬೇಕೆಂದೇ ಬಿದ್ದು ಪಡೆದದ್ದೆಂದು ಲೀಡ್ಸ್ ಆಟಗಾರರು ಕೆರಳಿದರು. ಅದೇ ಪಂದ್ಯದಲ್ಲಿ ಲೀ ಮತ್ತು ನಾರ್ಮನ್ ಹಂಟರ್ ಅಂಕಣದಲ್ಲೇ ಕೈ ಕೈ ಮಿಲಾಯಿಸಿ ಇಬ್ಬರೂ ಹೊರಬಿದ್ದರು. ಲೀ ಲ್ಯಾಂಕಾಶೈರ್‌ನಲ್ಲಿ ಹುಟ್ಟಿ ಬೆಳೆದವರು, ಯಾವ ಪರದೇಶದವರೂ ಅಲ್ಲ.

ಇನ್ನೊಂದು ಬದಿಯ ಮೋಸಕ್ಕೆ ಇದೇ ಇಂಗ್ಲೆಂಡ್ ತೋರಿದ ಸಹನೆಗೆ 1980ರ ಎಫ್‌ಎ ಕಪ್ ಫೈನಲ್ ಸಾಕ್ಷಿ. ವೆಸ್ಟ್ ಹ್ಯಾಮ್‌ನ 17 ವರ್ಷದ ಪಾಲ್ ಅಲೆನ್ ಗೋಲ್‌ಕೀಪರ್ ಒಬ್ಬರನ್ನೇ ಎದುರಿಟ್ಟುಕೊಂಡು ಓಡುತ್ತಿದ್ದಾಗ ಆರ್ಸೆನಲ್‌ನ ವಿಲ್ಲಿ ಯಂಗ್ ಹಿಂದಿನಿಂದ ಕಾಲು ಹಾಕಿ ಉರುಳಿಸಿದರು. ಸಿಕ್ಕ ಶಿಕ್ಷೆ ಎಚ್ಚರಿಕೆ ಮಾತ್ರ. ಇಂಥ ಅಡ್ಡಗಾಲಿಗೆ ಅಲ್ಲಿ ‘ವೃತ್ತಿಪರ ಫೌಲ್’ ಎಂಬ ಗೌರವದ ಹೆಸರೇ ಇತ್ತು. ಸ್ಪಷ್ಟ ಗೋಲ್ ಅವಕಾಶವನ್ನು ಹೀಗೆ ಕೆಡಿಸಿದವನನ್ನು ಹೊರಗಟ್ಟುವ ನಿಯಮ ಜಗತ್ತಿನಾದ್ಯಂತ ಗಟ್ಟಿಯಾಗಲು 1990ರ ದಶಕ ಬರಬೇಕಾಯಿತು.

ದಕ್ಷಿಣ ಅಮೆರಿಕದಲ್ಲಿ ಅಳತೆಗೋಲೇ ಬೇರೆ. 1928ರಲ್ಲಿ ಬ್ಯೂನಸ್ ಐರಿಸ್‌ನ ‘ಎಲ್ ಗ್ರಾಫಿಕೊ’ ಪತ್ರಿಕೆಯಲ್ಲಿ ಬೊರೊಕೊಟೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪತ್ರಕರ್ತರೊಬ್ಬರು, ಗಲ್ಲಿಯಲ್ಲಿ ಬಟ್ಟೆಚೆಂಡು ಒದೆಯುತ್ತ ಬೆಳೆದ ಕೆದರುಗೂದಲಿನ ತುಂಟ ಹುಡುಗನಿಗೆ ಪ್ರತಿಮೆ ನಿಲ್ಲಿಸಬೇಕೆಂದರು. ಅರ್ಜೆಂಟೀನಾದ ಆಟವೆಂದರೆ ಆ ಹುಡುಗನ ಜಾಣತನ, ಇಂಗ್ಲಿಷರ ಯಂತ್ರದಂಥ ಶಿಸ್ತಲ್ಲ ಎಂಬುದು ಅಲ್ಲಿನ ಹೆಮ್ಮೆ. 1986ರ ಜೂನ್ 22ರಂದು ಮೆಕ್ಸಿಕೊದ ಅಜ್ಟೆಕಾದಲ್ಲಿ ಮರಡೋನಾ ಕೈಯಿಂದ ಹೊಡೆದ ಗೋಲನ್ನು ಇಂಗ್ಲೆಂಡ್ ಕಳ್ಳತನವೆಂದು ಕಂಡರೆ ಅರ್ಜೆಂಟೀನಾದ ಜನ ಆ ಹುಡುಗನ ಗೆಲುವೆಂದು ಕಂಡರು. ಇದನ್ನು ‘ಅವರ ಸಂಸ್ಕೃತಿಯೇ ಹಾಗೆ’ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಆ ಖಂಡಕ್ಕೂ ತನ್ನದೇ ಎಲ್ಲೆಗಳಿದ್ದವು. ಆ ಎಲ್ಲೆ ಎಲ್ಲಿದೆ ಎಂದು ತೋರಿಸಿದ್ದು ಮುಂದಿನ ಪ್ರಕರಣ.

1989ರ ಸೆಪ್ಟೆಂಬರ್ 3, ರಿಯೊದ ಮರಕಾನಾ. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಬ್ರೆಜಿಲ್ 1–0 ಮುಂದಿತ್ತು. ಚಿಲಿಗೆ ಗೆಲ್ಲದೆ ದಾರಿಯಿರಲಿಲ್ಲ. ದ್ವಿತೀಯಾರ್ಧದಲ್ಲಿ ಪ್ರೇಕ್ಷಕರ ಕಡೆಯಿಂದ ಉರಿಯುವ ಪಟಾಕಿಯೊಂದು ಹಾರಿಬಂದು ಚಿಲಿಯ ಗೋಲಿನ ಬಳಿ ಬಿತ್ತು. ಹೊಗೆಯ ನಡುವೆ ಗೋಲ್‌ಕೀಪರ್ ರೊಬೆರ್ಟೊ ರೊಹಾಸ್ ಮುಖ ಹಿಡಿದುಕೊಂಡು ಒದ್ದಾಡುತ್ತಿದ್ದರು. ಹಣೆಯಿಂದ ರಕ್ತ ಸುರಿಯುತ್ತಿತ್ತು. ಜತೆಗಾರರು ಅವರನ್ನು ಎತ್ತಿಕೊಂಡು ಅಂಕಣ ಬಿಟ್ಟು ಹೋದರು, ಮತ್ತೆ ಬರಲಿಲ್ಲ. ಚಿಲಿಯಲ್ಲಿ ಬ್ರೆಜಿಲ್ ವಿರುದ್ಧ ಆಕ್ರೋಶ ಭುಗಿಲೆದ್ದಿತು. ಆದರೆ ಅರ್ಜೆಂಟೀನಾದ ಛಾಯಾಗ್ರಾಹಕ ರಿಕಾರ್ಡೊ ಅಲ್ಫಿಯೇರಿ ತೆಗೆದ ಚಿತ್ರಗಳಲ್ಲಿ ಪಟಾಕಿ ರೊಹಾಸ್ ಅವರಿಂದ ದೂರವೇ ಬಿದ್ದದ್ದು ಕಾಣುತ್ತಿತ್ತು. ಕೈಗವಸಿನಲ್ಲಿ ಅಡಗಿಸಿ ತಂದ ಬ್ಲೇಡಿನಿಂದ ತಮ್ಮ ಹಣೆಯನ್ನು ತಾವೇ ಕುಯ್ದುಕೊಂಡದ್ದಾಗಿ ರೊಹಾಸ್ ಕೊನೆಗೆ ಒಪ್ಪಿಕೊಂಡರು. ಫಿಫಾ ಪಂದ್ಯವನ್ನು 2–0ರಲ್ಲಿ ಬ್ರೆಜಿಲ್‌ಗೆ ಕೊಟ್ಟಿತು, ಚಿಲಿಯನ್ನು 1994ರ ವಿಶ್ವಕಪ್‌ನಿಂದಲೂ ಹೊರಗಿಟ್ಟಿತು, ರೊಹಾಸ್‌ಗೆ ಆಜೀವ ನಿಷೇಧ ಹೇರಿತು. ಆ ನಿಷೇಧವನ್ನು ತೆಗೆದದ್ದು 2001ರಲ್ಲಿ. ಅಷ್ಟರಲ್ಲಿ ಅವರ ಆಟದ ವಯಸ್ಸು ಮುಗಿದಿತ್ತು. ಗಾಯದ ನಾಟಕಕ್ಕೆ ಫುಟ್‌ಬಾಲ್ ಚರಿತ್ರೆಯಲ್ಲಿ ಇಷ್ಟು ದೊಡ್ಡ ಶಿಕ್ಷೆ ನನಗೆ ಬೇರೆ ಕಂಡಿಲ್ಲ. ಇಲ್ಲಿ ರಕ್ತ ಮಾತ್ರ ನಾಟಕದ್ದಲ್ಲ, ನಿಜವಾದದ್ದು.

ಸಾಮಾನ್ಯ ಬೀಳುವಿಕೆಗೆ ಶಿಕ್ಷೆ ನಿಧಾನವಾಗಿ ಬಂತು. 1974ರ ಮ್ಯೂನಿಕ್ ಫೈನಲ್‌ನಲ್ಲಿ ಬೆರ್ನ್ಡ್ ಹೋಲ್ಜೆನ್‌ಬೈನ್ ಬಿದ್ದು ಸಿಕ್ಕ ಪೆನಾಲ್ಟಿಯ ಬಗ್ಗೆ ಡಚ್ಚರ ದೂರು ಇನ್ನೂ ತೀರಿಲ್ಲ. ಜರ್ಮನಿಯಲ್ಲೇ 1995ರ ಏಪ್ರಿಲ್‌ನಲ್ಲಿ ಡಾರ್ಟ್‌ಮುಂಡ್‌ನ ಆಂಡ್ರಿಯಾಸ್ ಮೋಲರ್, ಕಾರ್ಲ್ಸ್‌ರೂಹೆಯ ಡಿಫೆಂಡರ್ ಮೈಗೆ ಮೈ ತಾಗಿಸದಿದ್ದರೂ ಪೆನಾಲ್ಟಿ ಆವರಣದಲ್ಲಿ ಬಿದ್ದರು. 0–1 ಹಿಂದಿದ್ದ ಡಾರ್ಟ್‌ಮುಂಡ್ 2–1 ಗೆದ್ದಿತು. ಪೆಟ್ಟು ಬೀಳುತ್ತದೆಂದು ಹೆದರಿ ಆತ್ಮರಕ್ಷಣೆಗೆ ಹಾರಿದೆ ಎಂದರು ಮೋಲರ್. ಜರ್ಮನ್ ಫುಟ್‌ಬಾಲ್ ಸಂಘ ಅದನ್ನು ನಂಬದೆ ಎರಡು ಪಂದ್ಯಗಳ ನಿಷೇಧ ಮತ್ತು 10,000 ಮಾರ್ಕ್ ದಂಡ ಹಾಕಿತು. ಪಂದ್ಯದ ಫಲಿತಾಂಶ ಹಾಗೇ ಉಳಿಯಿತು. ಆ ವರ್ಷ ಡಾರ್ಟ್‌ಮುಂಡ್ ಚಾಂಪಿಯನ್ ಆದದ್ದು ಒಂದೇ ಅಂಕದ ಅಂತರದಿಂದ.

1999ರಲ್ಲಿ ನಿಯಮ ಮಂಡಳಿ ರೆಫರಿಯನ್ನು ವಂಚಿಸುವ ನಟನೆಗೆ ಹಳದಿ ಕಾರ್ಡ್ ಕಡ್ಡಾಯ ಮಾಡಿತು. ಆದರೆ ಮನಸ್ಸಿನೊಳಗಿನ ಉದ್ದೇಶವನ್ನು ರೆಫರಿ ಅರೆಕ್ಷಣದಲ್ಲಿ ಓದುವುದು ಹೇಗೆ? 2009ರಲ್ಲಿ ಸೆಲ್ಟಿಕ್ ವಿರುದ್ಧ ಬಿದ್ದ ಆರ್ಸೆನಲ್‌ನ ಎಡ್ವಾರ್ಡೊಗೆ ಯುಇಎಫ್‌ಎ ಎರಡು ಪಂದ್ಯಗಳ ನಿಷೇಧ ಹಾಕಿ, ಮೇಲ್ಮನವಿಯಲ್ಲಿ ತಾನೇ ಹಿಂತೆಗೆದುಕೊಳ್ಳಬೇಕಾಯಿತು. ಇಂಗ್ಲೆಂಡಿನಲ್ಲಿ 2017ರಿಂದ ಪಂದ್ಯ ಮುಗಿದ ಮೇಲೆ ವಿಡಿಯೊ ನೋಡಿ ನಿಷೇಧ ಹಾಕುವ ಕ್ರಮ ಬಂದಿತು; ಪ್ರೀಮಿಯರ್ ಲೀಗ್‌ನಲ್ಲಿ ಅದಕ್ಕೆ ಮೊದಲು ಸಿಕ್ಕಿದವರು ಎವರ್ಟನ್‌ನ ಉಮರ್ ನಿಯಾಸ್.

ವಿಜ್ಞಾನಿಗಳೂ ಇದರಲ್ಲಿ ಕೈಹಾಕಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜೀವವಿಜ್ಞಾನಿಗಳ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ವೃತ್ತಿಪರ ಲೀಗುಗಳ 60 ಪಂದ್ಯಗಳ ಸುಮಾರು 2,800 ಬೀಳುವಿಕೆಗಳನ್ನು ಪರೀಕ್ಷಿಸಿತು. ಅಪ್ಪಟ ನಾಟಕವೆನ್ನಬಹುದಾದವು ಸುಮಾರು ಶೇ 6 ಮಾತ್ರ. ಲಾಭ ಹೆಚ್ಚಿರುವ ಕಡೆ, ಎಂದರೆ ಎದುರಾಳಿಯ ಗೋಲಿನ ಹತ್ತಿರ ಮತ್ತು ಅಂಕ ಸಮನಾಗಿದ್ದಾಗ, ಅವು ಹೆಚ್ಚಿದವು. ಅವುಗಳಲ್ಲಿ ಒಂದಕ್ಕೂ ಶಿಕ್ಷೆಯಾಗಿರಲಿಲ್ಲ. ಆಟಗಾರರ ನೀತಿಗಿಂತ ರೆಫರಿಯ ಕಣ್ಣೇ ಮೋಸದ ಪ್ರಮಾಣವನ್ನು ನಿರ್ಧರಿಸುತ್ತದೆ ಎಂದು ಇದರಿಂದ ತೋರುತ್ತದೆ.

ನಿಯಮಕ್ಕೂ ನ್ಯಾಯಭಾವಕ್ಕೂ ನಡುವಿನ ಈ ಕಂದಕ ಬೆಂಗಳೂರಿಗೂ ಹೊಸದಲ್ಲ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ನಾಕೌಟ್ ಪಂದ್ಯದ ಹೆಚ್ಚುವರಿ ಸಮಯ. ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಫ್ರೀ ಕಿಕ್ಕನ್ನು ಗೋಲಿಗೆ ಕಳಿಸಿದರು. ರೆಫರಿ ಅದನ್ನು ಗೋಲೆಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಅಂಕಣದಿಂದ ಹೊರಗೆ ಕರೆದೊಯ್ದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು. ಒಂದೇ ಗೋಲು ಬೆಂಗಳೂರಿನಲ್ಲಿ ಚುರುಕುತನವಾಯಿತು, ಕೊಚ್ಚಿಯಲ್ಲಿ ಮೋಸವಾಯಿತು. ಅಜ್ಟೆಕಾದ ಗೋಲು ನಿಯಮ ಮುರಿದಿತ್ತು, ಇದು ಮುರಿದದ್ದಲ್ಲ. ಆದರೂ ಜನ ಪಕ್ಷ ಹಿಡಿದ ರೀತಿ ಅದೇ.

2018ರ ರಷ್ಯಾ ವಿಶ್ವಕಪ್‌ಗೆ ವಿಡಿಯೊ ರೆಫರಿ ಬಂದ ಮೇಲೆ ಪೆನಾಲ್ಟಿ ಆವರಣದ ನಾಟಕಕ್ಕೆ ಲಗಾಮು ಬಿದ್ದಿದೆ. ಕೋಸ್ಟರಿಕಾ ವಿರುದ್ಧ ನೇಮಾರ್ ಹಿಂದಕ್ಕೆ ಬಾಗಿ ಬಿದ್ದು ಗಳಿಸಿದ ಪೆನಾಲ್ಟಿಯನ್ನು ರೆಫರಿ ಬ್ಯೋರ್ನ್ ಕೈಪರ್ಸ್ ಪರದೆ ನೋಡಿ ರದ್ದು ಮಾಡಿದರು. ಬಿದ್ದದ್ದಕ್ಕೆ ಕಾರ್ಡ್ ಮಾತ್ರ ತೋರಿಸಲಿಲ್ಲ. ಇಂದಿನ ನಿಯಮ ಪುಸ್ತಕದಲ್ಲಿ ನಾಟಕವಾಡಿ ಬಿದ್ದವನಿಗೂ, ಎದುರಾಳಿಯ ಭರವಸೆಯ ದಾಳಿಯನ್ನು ಅಂಗಿ ಜಗ್ಗಿ ನಿಲ್ಲಿಸಿದವನಿಗೂ ಒಂದೇ ಹಳದಿ ಕಾರ್ಡ್. ಆದರೆ ಅಂಗಿ ಜಗ್ಗಿದವನನ್ನು ವೀಕ್ಷಕ ವಿವರಣೆಕಾರರು ಇಂದಿಗೂ ‘ತಂಡಕ್ಕಾಗಿ ಕಾರ್ಡ್ ತಿಂದ’ ಎಂದು ಹೊಗಳುತ್ತಾರೆ. ಕ್ಯಾಂಪ್‌ಬೆಲ್ 1863ರಲ್ಲಿ ಮತದಲ್ಲಿ ಸೋತರೇ ಹೊರತು ಅಭಿಪ್ರಾಯದಲ್ಲಿ ಇನ್ನೂ ಸೋತಿಲ್ಲ.