ಮೀನಿನ ಚಾಕು ಮತ್ತು ನಮ್ಮ ಉಕ್ಕು

ಬೇಸಿಗೆ ಬಂತೆಂದರೆ ನಮ್ಮ ಸದಸ್ಯರಲ್ಲಿ ಅನೇಕರು ಗಾಳ ಹಿಡಿದು ಕಡಲ ದಂಡೆಗೆ ಹೊರಡುವುದುಂಟು. ಸ್ನ್ಯಾಪರ್ ಮೀನು ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಏಳುತ್ತದೆ: ಅದನ್ನು ಇಲ್ಲಿಯವರಂತೆ ಮುಳ್ಳು ಬಿಡಿಸಿ ಫಿಲೆಟ್ ಮಾಡಲು ಯಾವ ಚಾಕು ಒಳ್ಳೆಯದು? ಇದರ ಉತ್ತರ ಚರಿತ್ರೆಯಲ್ಲಿದೆ. ಆ ಚರಿತ್ರೆಯಲ್ಲಿ ನಮ್ಮ ಭಾಷೆಯ ಒಂದು ಶಬ್ದವೂ ಸೇರಿರುವುದರಿಂದ, ಮೀನು ಮುಟ್ಟದ ಮನೆಯವರೂ ಈ ಲೇಖನವನ್ನು ಓದಬಹುದೆಂದು ನಂಬಿದ್ದೇವೆ.

ನಮ್ಮ ಕರಾವಳಿಯಲ್ಲಿ ಬಂಗುಡೆ, ಅಂಜಲ್‌ಗಳನ್ನು ಮೆಟ್ಟುಕತ್ತಿಯ ಮೇಲೆ ಹೆಚ್ಚುತ್ತಾರೆ. ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದರೆ ಎರಡು ಕೈಗಳೂ ಮೀನಿಗೆ ಸಿಗುತ್ತವೆ. ಅಲ್ಲಿ ಮುಳ್ಳಿಗೆ ಅಡ್ಡಲಾಗಿ ತುಂಡು ಮಾಡುವುದು ಪದ್ಧತಿ. ಆದ್ದರಿಂದ ಅಲುಗು ದಪ್ಪವಾಗಿ, ಬಾಗದಂತೆ ಇರಬೇಕು. ಫಿಲೆಟ್ ಮಾಡುವಾಗ ಅಲುಗು ಮುಳ್ಳಿನ ಉದ್ದಕ್ಕೂ ಜಾರಬೇಕು. ಆದ್ದರಿಂದ ಅದು ತೆಳುವಾಗಿ, ಬಳುಕುವಂತೆ ಇರಬೇಕು. ಕೆಲಸ ಬೇರೆಯಾದರೆ ಅಲುಗಿನ ಗುಣವೂ ಬೇರೆ.

ಈ ದೇಶದಲ್ಲಿ 1769ರಲ್ಲಿ ಕ್ಯಾಪ್ಟನ್ ಕುಕ್ ಬರುವ ಮೊದಲು ಕಬ್ಬಿಣದ ಕೆಲಸವಿರಲಿಲ್ಲ. ಮಾವೊರಿ ಜನರು ಕೊಯ್ಯುವುದಕ್ಕೆ ಜ್ವಾಲಾಮುಖಿಯ ಕಪ್ಪು ಗಾಜುಗಲ್ಲನ್ನು ಬಳಸುತ್ತಿದ್ದರು. ಬೇ ಆಫ್ ಪ್ಲೆಂಟಿಯ ತೂಹುವಾ ದ್ವೀಪದ ಈ ಕಲ್ಲು ದೂರದೂರದ ಹಳೆಯ ವಸತಿಗಳಲ್ಲೂ ದೊರೆತಿದೆ. ಅದರ ಅಂಚು ಅತ್ಯಂತ ಹರಿತ. ಆದರೆ ಗಾಜು ಬಾಗುವುದಿಲ್ಲ, ಸಿಡಿಯುತ್ತದೆ. ಹರಿತವೊಂದೇ ಸಾಲದೆಂಬ ಪಾಠವನ್ನು ಆ ಕಲ್ಲೇ ಕಲಿಸುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಉಕ್ಕು ಮಾಡುವ ಕ್ರಮವನ್ನು ವಿವರವಾಗಿ ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ಗಿಡದ ಕಡ್ಡಿ, ಹಸಿರೆಲೆ ಇಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಸಸ್ಯದ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ಇಂಥ ಭಾರತೀಯ ಉಕ್ಕನ್ನು ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ 'ವೂಟ್ಜ್' ಎಂಬ ಹೆಸರಿನಲ್ಲಿ ಪರಿಚಯಿಸಿದ. ಈ ಹೆಸರು 'ಉಕ್ಕು' ಎಂಬುದರ ಅಪಭ್ರಂಶವೆಂದು ನಿಘಂಟುಕಾರರು ಹೇಳುತ್ತಾರೆ.

ಲಂಡನ್ನಿನಲ್ಲಿ ಚಾಕು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ವೂಟ್ಜನ್ನು ಬಹಳ ಮೆಚ್ಚಿದ. ಮೈಕೇಲ್ ಫ್ಯಾರಡೆಯೊಡನೆ ಸೇರಿ ಅದನ್ನು ಅನುಕರಿಸಲು ಉಕ್ಕಿಗೆ ನಾನಾ ಲೋಹಗಳನ್ನು ಬೆರೆಸಿ ನೋಡಿದ. ಇವರ ವರದಿಗಳು 1820 ಮತ್ತು 1822ರಲ್ಲಿ ಪ್ರಕಟವಾದವು. 1821ರಲ್ಲಿ ಫ್ರಾನ್ಸಿನ ಬರ್ತಿಯೇ, ಕ್ರೋಮಿಯಂ ಬೆರೆತ ಕಬ್ಬಿಣ ಆಮ್ಲಕ್ಕೆ ಸುಲಭವಾಗಿ ಬಗ್ಗದೆಂದು ಕಂಡು, ಚಾಕುಗಳಿಗೆ ಅದು ಉಪಯೋಗವಾದೀತೆಂದ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ಸುಮಾರು ನೂರಕ್ಕೆ 13ರಷ್ಟು ಕ್ರೋಮಿಯಂ ಇದ್ದ ಉಕ್ಕನ್ನು ಎರಕ ಹೊಯ್ದ. ಮೊದಮೊದಲು ಜನ ಅವನನ್ನು ಕೊಯ್ಯದ ಚಾಕುವಿನ ಜನಕನೆಂದು ಹಾಸ್ಯ ಮಾಡಿದರಂತೆ. ಉಕ್ಕನ್ನು ಹದಗೊಳಿಸುವ ಬಗೆ ತಿಳಿದ ಮೇಲೆ ಆ ಹಾಸ್ಯ ನಿಂತಿತು.

ಸ್ಟೇನ್‌ಲೆಸ್ ಉಕ್ಕು ನಮ್ಮವರದೇ ಶೋಧವೆಂದು ಮಕ್ಕಳಿಗೆ ಹೇಳುವ ಆಸೆ ಯಾರಿಗಾದರೂ ಆದೀತು. ಹಾಗೆ ಹೇಳಬಾರದು. ವೂಟ್ಜಿನಲ್ಲಿ ಇಂಗಾಲ ನೂರಕ್ಕೆ ಸುಮಾರು ಒಂದೂವರೆ; ಅದು ಬಹಳ ಗಟ್ಟಿ, ಆದರೆ ತುಕ್ಕು ಹಿಡಿಯುತ್ತದೆ, ತೆಳುವಾಗಿ ಬಳುಕುವ ಅಲುಗಿಗೆ ಒಗ್ಗುವುದಿಲ್ಲ. ನಮ್ಮ ಕುಲುಮೆಯವರ ವಸ್ತು ಯುರೋಪಿನ ರಸಾಯನಜ್ಞರನ್ನು ಪ್ರಶ್ನೆ ಕೇಳುವಂತೆ ಮಾಡಿತು. ನಿಜವಾದ ಹೆಮ್ಮೆ ಅಷ್ಟೇ, ಅದು ಸಣ್ಣದಲ್ಲ. ಆ ಕುಲುಮೆಗಳಾದರೋ ಅಗ್ಗದ ಕಾರ್ಖಾನೆ ಉಕ್ಕಿನ ಎದುರು ನಿಲ್ಲಲಾರದೆ ಆರಿಹೋದವು. ಕೈಕೆಲಸದವರ ಹೆಸರುಗಳೂ ಉಳಿಯಲಿಲ್ಲ.

ಈಗ ಅಂಗಡಿಗೆ ಹೋಗೋಣ. ನೂರಕ್ಕೆ ಅರ್ಧದಷ್ಟು ಇಂಗಾಲ, 13ರಿಂದ 15 ಕ್ರೋಮಿಯಂ ಇರುವ ಅಲುಗು ಮನೆಬಳಕೆಗೆ ಸಾಕು. ಸ್ನ್ಯಾಪರ್, ಗರ್ನಾರ್ಡ್‌ಗಳಿಗೆ 15ರಿಂದ 20 ಸೆಂಟಿಮೀಟರ್ ಉದ್ದ ಸರಿ. ಚಪ್ಪಟೆಯಾದ ಫ್ಲೌಂಡರಿಗೆ ಹೆಚ್ಚು ಬಳುಕುವುದು ಬೇಕು. ದೊಡ್ಡ ಕಿಂಗ್‌ಫಿಷ್‌ಗೆ ಉದ್ದವಾದ, ಬಿಗಿಯಾದದ್ದು. ಹಿಡಿ ಒದ್ದೆಗೈಯಲ್ಲೂ ಜಾರಬಾರದು. ತಲೆ ಕಡಿಯಲು ಬೇರೆ ಕತ್ತಿ ಇರಲಿ.

ಸ್ಟೇನ್‌ಲೆಸ್ ಎಂದು ನಿಶ್ಚಿಂತರಾಗಬೇಡಿ. ಅದನ್ನು ಕಾಯುವುದು ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡ್ ಪದರ. ಉಪ್ಪುನೀರಿನ ಕ್ಲೋರೈಡ್ ಅದನ್ನು ತೂತು ಮಾಡುತ್ತದೆ. ಕೆಲಸ ಮುಗಿದೊಡನೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಮಕ್ಕಳ ಕೈಗೆ ಎಟುಕದಂತೆ ಇಡಿ. ಮಕ್ಕಳಿಗೆ 'ಉಕ್ಕು' ಎಂಬ ಮಾತನ್ನು ಮಾತ್ರ ಧಾರಾಳವಾಗಿ ಕೊಡಿ.