ಕಂಬಳಿಯ ಜೋಳಿಗೆಯಿಂದ ನೂರೆಂಟರವರೆಗೆ: ಅಂಬಿಕಾನಗರ ಪರಿಸರದ ತುರ್ತು ಚಿಕಿತ್ಸೆ

ಜನಪದ ವೈದ್ಯವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಸಂಗ್ರಹಕಾರ್ಯ ಕಡಿಮೆಯದೇನಲ್ಲ. ಬೇರು, ತೊಗಟೆ, ಸೊಪ್ಪುಗಳ ಹೆಸರು, ಅರೆಯುವ ಕ್ರಮ, ಪಥ್ಯ, ಮಂತ್ರ ಇವೆಲ್ಲ ನಮ್ಮ ಪುಸ್ತಕಗಳಲ್ಲಿ ಸಾಕಷ್ಟು ದಾಖಲಾಗಿವೆ. ಆದರೆ ಹಾವು ಕಚ್ಚಿದ ಗಳಿಗೆಯಿಂದ ಮದ್ದು ಕೊಡುವವನ ಅಂಗಳ ಮುಟ್ಟುವವರೆಗೆ ಏನು ನಡೆಯಿತು, ಯಾರು ಹೊತ್ತರು, ಯಾವ ಹಳ್ಳ ಅಡ್ಡ ಬಂದಿತು, ಕೊನೆಗೆ ರೋಗಿ ಉಳಿದನೇ ಇಲ್ಲವೇ ಎಂಬುದನ್ನು ನಾವು ಬಹುಮಟ್ಟಿಗೆ ಕೇಳಿಯೇ ಇಲ್ಲ. ಈ ದೋಷದಿಂದ ಪ್ರಸ್ತುತ ಲೇಖಕನ ಕ್ಷೇತ್ರ ಟಿಪ್ಪಣಿಗಳೂ ಮುಕ್ತವಾಗಿಲ್ಲ. ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಸೀಮೆಯನ್ನು, ವಿಶೇಷವಾಗಿ ಅಂಬಿಕಾನಗರದ ಸುತ್ತಣ ಕಾಡಿನ ಹಳ್ಳಿಗಳನ್ನು ಮುಂದಿಟ್ಟುಕೊಂಡು ಆ ಅವಧಿಯ ಚರಿತ್ರೆಯನ್ನು ಗುರುತಿಸುವುದು ಇಲ್ಲಿನ ಉದ್ದೇಶ.

ಅಂಬಿಕಾನಗರವು ಕಾಳಿ ಜಲವಿದ್ಯುತ್ ಯೋಜನೆಯ ಕೂಸು. ನಾಗಝರಿ ವಿದ್ಯುದಾಗಾರದ ನಿರ್ಮಾಣಕ್ಕಾಗಿ ಕಾಡಿನ ನಡುವೆ ಎದ್ದ ಈ ವಸಾಹತಿನೊಂದಿಗೆ ರಸ್ತೆ, ಶಾಲೆ, ಆಸ್ಪತ್ರೆಗಳು ಬಂದವು. ಅದಕ್ಕೂ ಮುನ್ನ, 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಿಂದ ದಾಂಡೇಲಿ ಪೇಟೆಯಾಗಿ ಬೆಳೆದಿತ್ತು. ಹೀಗೆ ಈ ಭಾಗಕ್ಕೆ ಆಧುನಿಕ ವೈದ್ಯವು ಉದ್ಯಮದ ಜೊತೆಯಲ್ಲಿಯೇ ಪ್ರವೇಶಿಸಿತು. ಸಹಜವಾಗಿಯೇ ಅದರ ಬಾಗಿಲು ಮೊದಲು ತೆರೆದದ್ದು ನೌಕರನಿಗೆ. ಇತ್ತ ಅದೇ ಯೋಜನೆಯ ಸೂಪಾ ಅಣೆಕಟ್ಟಿನಿಂದ ಹಳೆಯ ಸೂಪಾ ಪೇಟೆ ಮುಳುಗಿತು. ಅಲ್ಲಿಯ ಹಲವರು ರಾಮನಗರದ ಪುನರ್ವಸತಿಗೆ ಹೋದರು. ಊರು ಮುಳುಗಿದಾಗ ಮನೆ, ಗದ್ದೆಗಳ ಲೆಕ್ಕ ಹಾಕಿದರು. ಸೂಲಗಿತ್ತಿ ಯಾವ ಊರಿಗೆ ಹೋದಳು, ಮದ್ದಿನವನು ಬೇರು ಅಗೆಯುತ್ತಿದ್ದ ಗುಡ್ಡ ಏನಾಯಿತು ಎಂಬುದು ಯಾವ ಪರಿಹಾರದ ಪಟ್ಟಿಗೂ ಸೇರುವ ಸಂಗತಿಯಾಗಿರಲಿಲ್ಲ.

ಗೌಳಿ, ಕುಣಬಿ, ಸಿದ್ದಿ ಸಮುದಾಯಗಳ ವಾಡೆಗಳಲ್ಲಿ ರೋಗಿಯನ್ನು ಸಾಗಿಸುವ ಸಾಧನವೆಂದರೆ ಕಂಬಳಿಯ ಜೋಳಿಗೆ. ಗಟ್ಟಿಯಾದ ಬಿದಿರಿನ ಬೊಂಬಿಗೆ ಕಂಬಳಿಯ ಎರಡು ತುದಿಗಳನ್ನು ಬಿಗಿದು, ನಡುವೆ ರೋಗಿಯನ್ನು ಮಲಗಿಸಿ, ಹಿಂದೆ ಮುಂದೆ ಹೆಗಲು ಕೊಟ್ಟು ನಡೆಯುವುದು. ದಾರಿ ದೂರವಾದಷ್ಟೂ ಹೆಗಲು ಬದಲಾಯಿಸುವವರು ಹೆಚ್ಚು ಬೇಕು. ಆದ್ದರಿಂದ ಒಬ್ಬರ ಕಾಯಿಲೆ ಇಡೀ ವಾಡೆಯ ಕೆಲಸವಾಗುತ್ತಿತ್ತು. ಕೊಯ್ಲಿನ ಕಾಲದಲ್ಲಿ, ಗಂಡಸರು ದುಡಿಮೆಗೆ ಹೊರಗೆ ಹೋದ ದಿನಗಳಲ್ಲಿ ಹೊರುವವರೇ ಸಿಗುತ್ತಿರಲಿಲ್ಲ. ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಕಂಬಳಿಯನ್ನು ನೇಯ್ಗೆಯ ಕಪಾಟಿನಲ್ಲಿಡುತ್ತೇವೆ, ಬಿದಿರನ್ನು ಬುಟ್ಟಿಗಳ ಬಳಿ ಇಡುತ್ತೇವೆ. ಎರಡೂ ಸೇರಿದಾಗ ಆಗುವ ಈ ವಾಹನಕ್ಕೆ ಜಾಗವಿಲ್ಲ.

ತುರ್ತುಗಳಲ್ಲೆಲ್ಲ ಹಾವಿನ ಕಡಿತದ ವಿಚಾರ ಹೆಚ್ಚು ಜಟಿಲವಾದುದು. ನಾಟಿವೈದ್ಯನ ಕೀರ್ತಿಗೆ ಒಂದು ನೈಜ ಕಾರಣವಿದೆ. ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು. ವಿಷದ ಹಾವು ಕಚ್ಚಿದಾಗಲೂ ಕೆಲವೊಮ್ಮೆ ವಿಷ ಇಳಿದಿರುವುದಿಲ್ಲ. ಇಂಥವರೆಲ್ಲ ಯಾವ ಮದ್ದಿನಿಂದಲಾದರೂ ಬದುಕುತ್ತಾರೆ, ಬದುಕಿದವರು ಮದ್ದನ್ನು ಹೊಗಳುತ್ತಾರೆ. ಸತ್ತವನ ಮನೆಯವರು ಹಣೆಬರಹವೆಂದು ಸುಮ್ಮನಾಗುತ್ತಾರೆ. ಆದರೆ ನಾಗರ ಅಥವಾ ಕಟ್ಟುಹಾವಿನ ವಿಷ ನರಗಳನ್ನು ಹಿಡಿದು ಉಸಿರಾಟವನ್ನು ನಿಲ್ಲಿಸುತ್ತದೆ. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುವುದುಂಟು. ಆ ಕಡಿತದಲ್ಲಿ ನೋವಾಗಲೀ ಊತವಾಗಲೀ ಅಷ್ಟಾಗಿ ಇರದ ಕಾರಣ ಬೆಳಗಾಗುವವರೆಗೆ ತಿಳಿಯದೆ ಹೋಗಬಹುದು. ಕೊಳಕುಮಂಡಲದ ವಿಷವಾದರೆ ರಕ್ತ ಹೆಪ್ಪುಗಟ್ಟದಂತೆ ಮಾಡಿ ಮೂತ್ರಪಿಂಡಕ್ಕೆ ಹಾನಿ ತರುತ್ತದೆ. ಅಂಥ ರೋಗಿಯ ಗಾಯವನ್ನು ಕೊಯ್ದು ರಕ್ತ ಹರಿಸುವುದು, ಕೈಕಾಲನ್ನು ಹಗ್ಗದಿಂದ ಬಿಗಿಯುವುದು ಎಷ್ಟು ಅಪಾಯಕರವೆಂಬುದನ್ನು ವಿವರಿಸಬೇಕಿಲ್ಲ. ಈ ಕ್ರಮಗಳನ್ನು ‘ಪಾರಂಪರಿಕ ಜ್ಞಾನ’ವೆಂಬ ಶೀರ್ಷಿಕೆಯಡಿ ಟಿಪ್ಪಣಿಯಿಲ್ಲದೆ ಅಚ್ಚು ಹಾಕಿದ ಸಂಗ್ರಾಹಕರಲ್ಲಿ ನಮ್ಮವರೂ ಇದ್ದಾರೆ.

ಹಾಗೆಂದು ಆಸ್ಪತ್ರೆ ಮುಟ್ಟಿದೊಡನೆ ಎಲ್ಲವೂ ಸರಿಯಾಗುವುದಿಲ್ಲ. ಕುದುರೆಯ ರಕ್ತದಿಂದ ತಯಾರಿಸುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಮಾತ್ರ ಸಿದ್ಧವಾದುದು. ಪಶ್ಚಿಮಘಟ್ಟದ ಮಳೆಕಾಡಿನ ಕೆಲವು ಮಂಡಲಗಳಿಗೆ ಅದು ನಾಟುವುದಿಲ್ಲ. ಪ್ರತಿವಿಷ ಕೊಟ್ಟ ಮೇಲೂ ಉಸಿರಾಟದ ಯಂತ್ರ ಬೇಕಾಗಬಹುದು. ಆಗ ದಾರಿ ಧಾರವಾಡಕ್ಕೆ, ಇಲ್ಲವೇ 1957ರಲ್ಲಿ ವೈದ್ಯಕೀಯ ಕಾಲೇಜು ಕಂಡ ಹುಬ್ಬಳ್ಳಿಗೆ.

ಲಕ್ವದ ಸಂಗತಿ ಇನ್ನೊಂದು ಬಗೆಯದು. ಅಂಕೋಲೆಯ ಬಳಿಯ ಬೆಳಂಬಾರದ ಲಕ್ವದ ಮದ್ದು ನಾಡಿನಾಚೆಗೂ ಹೆಸರಾದುದು. ಆ ಪರಂಪರೆಯ ಬಗ್ಗೆ ಲೇಖಕನಿಗೆ ಗೌರವವಿದೆ. ಆದರೆ ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದೂ ತಲೆಯ ಸ್ಕ್ಯಾನ್ ಆದ ಮೇಲೆ. ಬಾಯಿ ಸೊಟ್ಟಗಾದ ದಿನವೇ ಘಟ್ಟ ಇಳಿದು ಬೆಳಂಬಾರಕ್ಕೆ ಹೊರಟವನು ಆ ಗಂಟೆಗಳನ್ನು ದಾರಿಯಲ್ಲೇ ಕಳೆದುಕೊಳ್ಳುತ್ತಾನೆ.

2008ರ ನವೆಂಬರ್ 1ರಂದು ರಾಜ್ಯದಲ್ಲಿ ‘ಆರೋಗ್ಯ ಕವಚ’ ಎಂಬ 108ರ ಸೇವೆ ಆರಂಭವಾಯಿತು. ಹೆರಿಗೆಯ ವಿಷಯದಲ್ಲಿ ಇದರ ಪರಿಣಾಮ ದೊಡ್ಡದು. ಆಶಾ ಕಾರ್ಯಕರ್ತೆಯೂ ಈ ವಾಹನವೂ ಸೇರಿ ಸೂಲಗಿತ್ತಿಯ ಕೆಲಸವನ್ನು ಬಹುಪಾಲು ಆಸ್ಪತ್ರೆಗೆ ಸಾಗಿಸಿದವು. ಆದರೆ ಕರೆ ಮಾಡಲು ಸಿಗ್ನಲ್ ಬೇಕು. ಜೊಯಿಡಾದ ಕಾಡಿನಲ್ಲಿ ಅದಕ್ಕಾಗಿ ಗುಡ್ಡ ಹತ್ತುವವರಿದ್ದಾರೆ. ವಾಹನ ಬಂದರೂ ಡಾಂಬರು ಮುಗಿದಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ಮತ್ತೆ ಅದೇ ಜೋಳಿಗೆ. 2007ರಲ್ಲಿ ಅಣಶಿ–ದಾಂಡೇಲಿ ಹುಲಿ ಮೀಸಲು ಪ್ರದೇಶ ಘೋಷಣೆಯಾದ ಮೇಲೆ (2015ರಿಂದ ಅದು ‘ಕಾಳಿ’) ಅದರೊಳಗಿನ ಹಳ್ಳಿಗಳಲ್ಲಿ ರಸ್ತೆ, ಸೇತುವೆಗಳ ಪ್ರಶ್ನೆ ಅರಣ್ಯದ ಅನುಮತಿಯ ಪ್ರಶ್ನೆಯೂ ಆಗಿದೆ.

ಜಿಲ್ಲೆಯ ಮಟ್ಟದಲ್ಲಿಯೂ ಕೊರತೆ ನೀಗಿಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೂ ತೀವ್ರ ಗಾಯಾಳುಗಳು ಗೋವಾ, ಮಣಿಪಾಲ, ಹುಬ್ಬಳ್ಳಿಗಳತ್ತ ಹೋಗುತ್ತಲೇ ಇದ್ದರು. ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು 2019ರಲ್ಲಿ ಜಿಲ್ಲೆಯ ಯುವಜನರು ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನ ನಡೆಸಿದರು. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದತ್ತ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ ಆ ಕೂಗು ಮತ್ತೆ ಎದ್ದಿತು. ಎರಡು ವರ್ಷದ ಬಳಿಕ, 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಹೆಸರು ಒಂದೇ ಆದದ್ದು ಕಾಕತಾಳೀಯ. ಆಸ್ಪತ್ರೆಯನ್ನು ನೆರೆಜಿಲ್ಲೆಯಲ್ಲಿಟ್ಟುಕೊಂಡ ಜನರಿಗೆ ಹೆದ್ದಾರಿ ಮುಚ್ಚಿದರೆ ಏನಾಗುತ್ತದೆಂಬುದು ಕಾಕತಾಳೀಯವಲ್ಲ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. ಅಂದಿನಿಂದ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕಾಗಿದೆ. ನಾಟಿವೈದ್ಯನ ಅಂಗಳದಿಂದಲೇ ಮರಳಿ ಮನೆಗೆ ಹೋದವರು, ಜೋಳಿಗೆಯಲ್ಲೇ ಉಸಿರು ಬಿಟ್ಟವರು ಆ ಲೆಕ್ಕಕ್ಕೆ ಸಿಗಲಾರರು. ಅವರ ಮನೆಗಳಿಗೆ ನಾವು ಹಾಡು, ಕಥೆಗಳಿಗಾಗಿ ಇಷ್ಟು ವರ್ಷ ಹೋಗಿ ಬಂದಿದ್ದೇವೆ.