ಮೂರು ಪೌಂಡಿನ ಬಾಕಿ

ಗಾಂಧೀಜಿಯನ್ನು ರೈಲಿನಿಂದ ಇಳಿಸಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಅದೇ ನಟಾಲ್‌ನ ಮೂರು ಪೌಂಡಿನ ತೆರಿಗೆಯ ಬಗ್ಗೆ ನಮಗೆ ಯಾರೂ ಹೇಳಲಿಲ್ಲ.

ಐದು ವರ್ಷದ ಕರಾರಿನ ಮೇಲೆ ಅಲ್ಲಿನ ಕಬ್ಬಿನ ತೋಟಗಳಿಗೆ ಹೋದವರಲ್ಲಿ ಹೆಚ್ಚಿನವರು ಮದರಾಸು ಪ್ರಾಂತ್ಯದವರು. ಗಂಡಾಳಿಗೆ ಮೊದಲ ವರ್ಷ ತಿಂಗಳಿಗೆ 10 ಶಿಲಿಂಗ್, ಐದನೇ ವರ್ಷಕ್ಕೆ 14. ಅದರಲ್ಲೂ ಗೈರುಹಾಜರಿಯ ಕಡಿತ ಬೇರೆ.

1895ರಲ್ಲಿ ಹೊಸ ಕಾಯ್ದೆ ಬಂತು. ಕರಾರು ಮುಗಿದವರು ಊರಿಗೆ ಮರಳಬೇಕು, ಇಲ್ಲವೇ ಮತ್ತೆ ಕರಾರಿಗೆ ಹೆಬ್ಬೆಟ್ಟು ಒತ್ತಬೇಕು. ಎರಡೂ ಬೇಡವೆಂದರೆ ವರ್ಷಕ್ಕೆ ಮೂರು ಪೌಂಡ್ ಕಟ್ಟಬೇಕು. ನಟಾಲ್ ಸರ್ಕಾರ ಕೇಳಿದ್ದು 25 ಪೌಂಡ್. ವೈಸ್‌ರಾಯ್ ಎಲ್ಗಿನ್ ಮೂರಕ್ಕೆ ಒಪ್ಪಿದ. ಅದೇನೂ ದಯೆಯಲ್ಲ. ಮೂರು ಪೌಂಡೆಂದರೆ 60 ಶಿಲಿಂಗ್, ಐದನೇ ವರ್ಷದ ಆಳಿಗೂ ನಾಲ್ಕು ತಿಂಗಳಿಗೆ ಮೀರಿದ ದುಡಿಮೆ. 1903ರಲ್ಲಿ 16 ತುಂಬಿದ ಹುಡುಗರನ್ನೂ 13 ತುಂಬಿದ ಹುಡುಗಿಯರನ್ನೂ ತೆರಿಗೆಗೆ ಸೇರಿಸಿದರು. ಗಂಡ, ಹೆಂಡತಿ, ಬೆಳೆದ ಇಬ್ಬರು ಮಕ್ಕಳಿದ್ದ ಮನೆಗೆ 12 ಪೌಂಡ್!

ಬಾಕಿ ಉಳಿಸಿಕೊಂಡವರು ಜೈಲು ಕಂಡರು. ಎಷ್ಟೋ ಜನ ಮತ್ತೆ ಕರಾರಿಗೆ ಬಿದ್ದರು. ನಮಗನ್ನಿಸುವಂತೆ, ಈ ತೆರಿಗೆಗೆ ಬೇಕಿದ್ದದ್ದು ಹಣಕ್ಕಿಂತ ಹೆಚ್ಚಾಗಿ ಆಳು.

1913ರ ಅಕ್ಟೋಬರಿನಲ್ಲಿ ಟ್ರಾನ್ಸ್‌ವಾಲ್‌ನಿಂದ ಬಂದ ಹೆಂಗಸರು ನ್ಯೂಕ್ಯಾಸಲ್‌ನ ಕಲ್ಲಿದ್ದಲು ಗಣಿಗಳಿಗೆ ಹೋಗಿ ಕಾರ್ಮಿಕರಿಗೆ ಈ ಲೆಕ್ಕವನ್ನೇ ಹೇಳಿದರು. ಕೆಲಸ ನಿಂತಿತು. ನವೆಂಬರ್ 6ರಂದು ಎರಡು ಸಾವಿರದಷ್ಟು ಮಂದಿ ಗಾಂಧೀಜಿಯ ಜೊತೆ ಗಡಿ ದಾಟಿ ನಡೆದರು. ಮುಷ್ಕರ ಕಬ್ಬಿನ ತೋಟಗಳಿಗೂ ಹಬ್ಬಿತು. ಗುಂಡಿಗೆ ಜೀವಗಳೂ ಹೋದವು.

1914ರ ಕಾಯ್ದೆಯಲ್ಲಿ ತೆರಿಗೆ ರದ್ದಾಯಿತು, ಹಳೆಯ ಬಾಕಿಯೂ ಮನ್ನಾ ಆಯಿತು. ಅಷ್ಟರಲ್ಲಿ ನಟಾಲ್‌ಗೆ ಕೂಲಿಗಳನ್ನು ಒಯ್ಯುವ ಹಡಗುಗಳು ನಿಂತು ಮೂರು ವರ್ಷವಾಗಿತ್ತು.